ಪೆಟ್-ಸಿಟಿ ಸ್ಕ್ಯಾನ್ ಸೇವೆ: ಯಂತ್ರಕ್ಕಿಂತ ಕಾಯುವ ಕೋಣೆ ಮುಖ್ಯ

ಪೆಟ್-ಸಿಟಿ ಎಂದರೆ ಕ್ಯಾನ್ಸರ್ ಹುಡುಕಲು ಬಳಸುವ ಎರಡು ಸ್ಕ್ಯಾನ್‌ಗಳ ಜೋಡಿ: ಸಿಟಿ ಗಡ್ಡೆಯ ಆಕಾರ ತೋರಿಸಿದರೆ ಪೆಟ್ ಅದರ ಹಸಿವನ್ನು, ಅಂದರೆ ಅದು ಎಷ್ಟು ಸಕ್ಕರೆ ಎಳೆಯುತ್ತದೆ ಎಂಬುದನ್ನು ತೋರಿಸುತ್ತದೆ. ಚುಚ್ಚುವ ಎಫ್‌ಡಿಜಿ ಎಂದರೆ ವಿಕಿರಣ ಸೂಸುವ ಫ್ಲೋರಿನ್-18 ಹೊತ್ತ, ಗ್ಲೂಕೋಸ್‌ನಂಥ ವಸ್ತು. ಜೀವಕೋಶ ಅದನ್ನು ಸಕ್ಕರೆಯೆಂದೇ ಒಳಗೆಳೆದು ಫಾಸ್ಫೇಟ್ ಸೇರಿಸುತ್ತದೆ. ಮುಂದೆ ಅರಗದೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಅದರಿಂದ ಹೊಮ್ಮಿದ ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಎಲೆಕ್ಟ್ರಾನ್ ಜೊತೆ ಅಳಿದಾಗ ಎದುರುಬದುರು ಹೊರಡುವ 511 ಕೆಇವಿ (ಶಕ್ತಿಯ ಅಳತೆ) ಬಲದ ಎರಡು ಫೋಟಾನ್‌ಗಳನ್ನು, ಅಂದರೆ ಗಾಮಾ ಕಿರಣದ ಕಣಗಳನ್ನು, ಯಂತ್ರದ ಉಂಗುರ ಒಟ್ಟಿಗೆ ಹಿಡಿಯುತ್ತದೆ; ಎಫ್‌ಡಿಜಿ ಹೆಚ್ಚು ಸೇರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ.

ಕೇಂದ್ರದ ಗುಣಮಟ್ಟ ತಿಳಿಯುವುದು ಯಂತ್ರದ ಬ್ರಾಂಡಿನಿಂದಲ್ಲ. ಕನಿಷ್ಠ 4ರಿಂದ 6 ಗಂಟೆ ಉಪವಾಸ (ನೀರು ಕುಡಿಯಬಹುದು) ಇದ್ದರೇ ಎಂದು ಕೇಳಬೇಕು, ರಕ್ತದ ಸಕ್ಕರೆ ನೋಡಬೇಕು. ಅದು 200 ಮಿ.ಗ್ರಾಂ/ಡೆ.ಲೀ. ದಾಟಿದ್ದರೆ ಸಾಮಾನ್ಯವಾಗಿ ಮುಂದೂಡುವುದೇ ಸರಿ. ಅವಸರಕ್ಕೆ ಇನ್ಸುಲಿನ್ ಕೊಟ್ಟು ಕೂಡಲೇ ಎಫ್‌ಡಿಜಿ ಚುಚ್ಚಿದರೆ ಅದು ಸ್ನಾಯುಗಳಿಗೇ ಸೇರಿ ಅವೆಲ್ಲ ಹೊಳೆದು ಗಡ್ಡೆ ಮಂಕಾಗುತ್ತದೆ. ಎಫ್‌ಡಿಜಿ ಚುಚ್ಚಿದ ನಂತರ ಸುಮಾರು 60 ನಿಮಿಷ ಬೆಚ್ಚಗೆ, ಸುಮ್ಮನೆ ಮಲಗಿಸಬೇಕು. ಎಸಿ ಚಳಿಗೆ ಕುತ್ತಿಗೆಯ ಕಂದು ಕೊಬ್ಬು (ಮೈ ಬೆಚ್ಚಗಿಡಲು ಉರಿಯುವ ಕೊಬ್ಬು) ಉರಿದು ಕ್ಯಾನ್ಸರ್ ತಗುಲಿದ ದುಗ್ಧಗ್ರಂಥಿಯಂತೆ ಕಾಣಬಹುದು. ಫೋನಿನ ಹರಟೆಗೆ ಗಂಟಲ ಸ್ನಾಯುಗಳೂ ಬೆಳಗುತ್ತವೆ! ಹೊದಿಕೆ ಕೊಡದ ಕೇಂದ್ರಕ್ಕೆ ನಮ್ಮ ಅಂಕ ಕಡಿಮೆ.

ಎಫ್‌ಡಿಜಿಯ ಅರ್ಧಾಯುಷ್ಯ 110 ನಿಮಿಷ, ಅಂದರೆ ಅಷ್ಟರಲ್ಲಿ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ತಡವಾಗಿ ಹೋಗಬೇಡಿ.

ದೊಡ್ಡ ಕೊರತೆ ಒಂದಿದೆ: ಕ್ಷಯದ ಗ್ರಂಥಿಯೂ ಕ್ಯಾನ್ಸರಿನಷ್ಟೇ ಹೊಳೆಯಬಲ್ಲದು. ಅನುಮಾನವಿದ್ದಲ್ಲಿ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ತಪ್ಪದು.