ಹೆಂಗಸರ ಹೆಲ್ತ್ ಚೆಕಪ್ ಪ್ಯಾಕೇಜ್: ಸ್ಕ್ಯಾನಿಂಗ್ ಚೆನ್ನಾಗಿದೆ, ಫಾರಂ ಸಾಲದು

ಅಮ್ಮನಿಗೆ ಈ ಪ್ಯಾಕೇಜ್ ಮಾಡಿಸಿದ್ದು ಕಿಡ್ನಿ ಊತ ಇದೆಯಾ ನೋಡಲಿಕ್ಕೆ ಅಂತಲೇ. ಸ್ಕ್ಯಾನಿಂಗ್ ಮಾಡಿದ ಡಾಕ್ಟರ್ ಬಗ್ಗೆ ಮೊದಲು ಹೇಳಬೇಕು. ಮೂತ್ರಚೀಲ ತುಂಬಿದ್ದಾಗ ಬಲಗಡೆ ಕಿಡ್ನಿ ಸ್ವಲ್ಪ ಹಿಗ್ಗಿದ ಹಾಗೆ ಕಂಡಿತು. ಅವರು ಅಷ್ಟಕ್ಕೇ ರಿಪೋರ್ಟ್ ಬರೆಯಲಿಲ್ಲ. "ಮೂತ್ರ ಮಾಡಿ ಬನ್ನಿ ಅಮ್ಮ, ಇನ್ನೊಂದು ಸಲ ನೋಡೋಣ" ಅಂದರು. ಚೀಲ ಜಾಸ್ತಿ ತುಂಬಿದ್ದರೂ ಕಿಡ್ನಿ ಹಿಗ್ಗಿದಂತೆ ಕಾಣಬಹುದು, ಖಾಲಿಯಾದ ಮೇಲೂ ಹಾಗೇ ಇದ್ದರೆ ಮೂತ್ರ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕಬೇಕಂತೆ. ಎರಡನೇ ಸಲ ನೋಡಿದಾಗ ಇಳಿದಿತ್ತು. ಚೀಲದಲ್ಲಿ ಎಷ್ಟು ಮೂತ್ರ ಉಳಿದಿದೆ ಅಂತಲೂ ಅಳೆದು ಬರೆದರು. ಇದು ಮುಖ್ಯ, ಯಾಕಂದರೆ ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ನರ ಸೋತು ಚೀಲ ಪೂರ್ತಿ ಖಾಲಿಯಾಗದೆ ಒತ್ತಡ ಕಿಡ್ನಿಯವರೆಗೂ ಏರಬಹುದು.

ಬೇಜಾರಾಗಿದ್ದು ಫಾರಂ ನೋಡಿ. ಸಕ್ಕರೆ, ಬಿಪಿ, ಕಲ್ಲು, ಮುಗೀತು. ಹೆಂಗಸರಿಗೇ ಅಂತ ಮಾಡಿದ ಪ್ಯಾಕೇಜ್ ಅಲ್ವಾ? ಗರ್ಭಕೋಶ ಜಾರಿದೆಯಾ, ಗಡ್ಡೆ ಇದೆಯಾ, ಗರ್ಭಕೋಶ ತೆಗೆಸಿದ್ದೀರಾ, ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಟ್ಟಿದ್ದರಾ, ಒಂದನ್ನೂ ಕೇಳಿಲ್ಲ. ಕಿಡ್ನಿಯಿಂದ ಚೀಲಕ್ಕೆ ಮೂತ್ರ ತರುವ ನಾಳ ಹಾದು ಹೋಗುವುದೇ ಗರ್ಭಕೋಶದ ಬಾಯಿಯ ಪಕ್ಕದಲ್ಲಿ, ಗರ್ಭಕೋಶಕ್ಕೆ ರಕ್ತ ತರುವ ನಾಳದ ಕೆಳಗೆ. ಹಾಗಾಗಿ ಆಪರೇಷನ್ನಿನಲ್ಲಿ ಅದಕ್ಕೆ ಪೆಟ್ಟಾಗಬಹುದು, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅದನ್ನು ಅಮುಕಬಹುದು, ರೇಡಿಯೇಷನ್ ಆಗಿ ವರ್ಷಗಳಾದ ಮೇಲೂ ಅದು ಕಿರಿದಾಗಬಹುದು. ಗರ್ಭಕೋಶ ತುಂಬಾ ಕೆಳಗೆ ಜಾರಿದರೆ ಮೂತ್ರದ ನಾಳವೂ ಜೊತೆಗೆ ಎಳೆದುಕೊಂಡು ಮಡಚಿಕೊಳ್ಳಬಹುದು. ಗರ್ಭಕೋಶ ಜಾರಿದ್ದನ್ನು ಎಷ್ಟೋ ಜನ ನಾಚಿಕೆಯಿಂದ ವರ್ಷಗಟ್ಟಲೆ ಯಾರಿಗೂ ಹೇಳಿರುವುದಿಲ್ಲ, ನಾವಾಗಿ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಫಾರಂ ಮಾಡಿದವರಿಗೆ ಇಷ್ಟು ಹೊಳೆಯಬೇಕಿತ್ತು.

ಸ್ಕ್ಯಾನಿಂಗ್ ಇಲ್ಲದ ಚಿಕ್ಕ ಪ್ಯಾಕೇಜ್ ಕೂಡ ಇದೆ, ಅದನ್ನು ತಗೋಬೇಡಿ. ಅದರಲ್ಲಿ ಕಿಡ್ನಿ ಟೆಸ್ಟ್ ಅಂದರೆ ಬರೀ ಕ್ರಿಯಾಟಿನಿನ್ ಅನ್ನೋ ರಕ್ತ ಪರೀಕ್ಷೆ. ಒಂದು ಕಿಡ್ನಿ ಊದಿಕೊಂಡಿದ್ದರೂ ಇನ್ನೊಂದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಆ ನಂಬರ್ ನಾರ್ಮಲ್ ಅಂತಲೇ ಬರಬಹುದು. ನಿಧಾನವಾಗಿ ಊದಿದರೆ ನೋವೂ ಗೊತ್ತಾಗದೇ ಇರಬಹುದು. ಪಕ್ಕೆನೋವಿನ ಜೊತೆ ಚಳಿಜ್ವರ ಬಂದಿದ್ದರೆ ಮಾತ್ರ ಯಾವ ಚೆಕಪ್ಪಿಗೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಮೂತ್ರ ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕಾದರೆ ಜೀವಕ್ಕೇ ಅಪಾಯ.

ಸಿಬ್ಬಂದಿ ಮರ್ಯಾದೆಯಿಂದ ಮಾತಾಡಿಸಿದರು, ರಿಪೋರ್ಟ್ ಅವತ್ತೇ ಸಿಕ್ಕಿತು. ನೀವು ಹೋಗುವುದಾದರೆ ಹಳೆಯ ಆಪರೇಷನ್, ಗಡ್ಡೆ, ರೇಡಿಯೇಷನ್ ಎಲ್ಲಾ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೌಂಟರಿನಲ್ಲಿ ಅಲ್ಲ, ಸ್ಕ್ಯಾನಿಂಗ್ ಡಾಕ್ಟರ್ ಕೈಗೇ ಕೊಡಿ.