ಹಳೇ ಮಿನಿ ಟ್ರ್ಯಾಕ್ಟರ್ ಕೊಂಡಿದ್ದೀರಾ? ಮುಂದಿನ ಆಕ್ಸಲ್ ಬಿಚ್ಚಿ ನೋಡದೆ ಹೊಲಕ್ಕೆ ಇಳಿಸಬೇಡಿ

ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ಕೊಂಡವರು, ಕೊಳ್ಳುವ ಯೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನದು 3 ಸಿಲಿಂಡರಿನ, ಫೋರ್ ವೀಲ್ ಡ್ರೈವ್ ಇರುವ, ಅಂದರೆ ಲಿವರ್ ಹಾಕಿದರೆ ಮುಂದಿನ ಚಕ್ರಗಳಿಗೂ ಎಂಜಿನ್ ಬಲ ಹೋಗುವ ಸಣ್ಣ ಗಾಡಿ. ತಂದು ಒಂದೂವರೆ ತಿಂಗಳು ತುಂಬುವ ಮೊದಲೇ ಮುಂದಿನ ಆಕ್ಸಲಿನ ಎಡಗಡೆ ಗೇರು ಪುಡಿಯಾಯಿತು. ಗಾಡಿಯನ್ನು ಬೈಯುವ ಹಾಗಿಲ್ಲ. ಆ ಜಾಗದಲ್ಲಿ ಆಯಿಲ್ಲೇ ಇರಲಿಲ್ಲ. ಅಲ್ಲಿ ಬೇರೆ ಆಯಿಲ್ ಇರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ, ಮಾರಿದವರು ಹೇಳಲೂ ಇಲ್ಲ.

ಕೊಳ್ಳುವ ದಿನ ಎಲ್ಲ ಚೆನ್ನಾಗಿಯೇ ಕಂಡಿತು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಹೊಗೆ ಇಲ್ಲ. ಹೊಸ ಪೇಂಟ್. "ಸರ್ವಿಸ್ ಈಗಷ್ಟೇ ಮಾಡಿಸಿದ್ದೀವಿ ಅಣ್ಣಾ, ಹತ್ತಿ ಓಡಿಸೋದೊಂದೇ ಬಾಕಿ" ಅಂದರು. ಆಯಿಲ್ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೋರಿಸಿದರು. ಎಂಜಿನ್ ಆಯಿಲ್ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. ನಾನು ಅದೊಂದನ್ನೇ ನೋಡಿ ಒಪ್ಪಿಕೊಂಡುಬಿಟ್ಟೆ.

ಈಗ ಅನಿಸುತ್ತದೆ, ಆ ಹೊಳಪನ್ನು ನೋಡಿಯೇ ನಾನು ಅನುಮಾನ ಪಡಬೇಕಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಸೇರಿ ಆಯಿಲ್ ಕೆಲವೇ ಗಂಟೆಗಳ ಕೆಲಸಕ್ಕೆ ಕಪ್ಪಾಗುತ್ತದೆ. ಹೊಂಬಣ್ಣ ಇದ್ದರೆ ಮೊನ್ನೆ ಮೊನ್ನೆ ಬದಲಿಸಿದ್ದಾರೆ ಅಂತ ಮಾತ್ರ ಅರ್ಥ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಹೇಗೆ ನೋಡಿಕೊಂಡಿದ್ದರು ಅಂತ ಅದು ಏನೂ ಹೇಳುವುದಿಲ್ಲ. ಅದೂ ಅಲ್ಲದೆ ಫೋರ್ ವೀಲ್ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗೆ ಒಂದು ಆಯಿಲ್, ಗೇರ್ ಬಾಕ್ಸಿಗೆ ಒಂದು, ಮುಂದಿನ ಆಕ್ಸಲಿಗೆ ಒಂದು ಇರುತ್ತದೆ. ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ಇದ್ದರೆ ಅದರ ಗೇರ್ ಬಾಕ್ಸಿಗೂ ಬೇರೆ. ತೋರಿಸುವವರು ಯಾವಾಗಲೂ ಮೊದಲನೆಯದನ್ನೇ ತೋರಿಸುತ್ತಾರೆ.

ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನೋಡಿ ಕೂಡ ಸಮಾಧಾನ ಪಟ್ಟಿದ್ದೆ. ಹಳೇ ಗಾಡಿಗಳ ಕೇಬಲ್ ಮೀಟರು ಎಂಜಿನ್ ವೇಗದ ಮೇಲೆ ತಿರುಗುತ್ತದೆ. ನಿಧಾನಕ್ಕೆ ಓಡಿಸಿದರೆ ನಿಜವಾದ ಒಂದು ಗಂಟೆಗೆ ಮೀಟರಿನಲ್ಲಿ ಕಡಿಮೆ ಬೀಳುತ್ತದೆ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ಮೀಟರಿಗಿಂತ ಪೆಡಲನ್ನೇ ನಂಬಿ.

ಮೂರನೇ ವಾರದಲ್ಲಿ ಶಬ್ದ ಶುರುವಾಯಿತು. ಬದುವಿನ ಹತ್ತಿರ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಎಡಗಡೆ ಮುಂದಿನ ಚಕ್ರದಿಂದ ಟಕ್, ಟಕ್. ನೇರ ಹೋಗುವಾಗ ಏನೂ ಇಲ್ಲ. ಟೈರಿನ ಸಂದಿಗೆ ಕಲ್ಲು ಸಿಕ್ಕಿರಬೇಕು ಅಂದುಕೊಂಡೆ. ಇಳಿದು ನೋಡಿದೆ, ಕಲ್ಲು ಇರಲಿಲ್ಲ. ಫೋರ್ ವೀಲ್ ಲಿವರ್ ತೆಗೆದು ಓಡಿಸಿದೆ, ಶಬ್ದ ಹೆಚ್ಚುಕಡಿಮೆ ನಿಂತುಹೋಯಿತು. "ಸರಿ ಬಿಡು, ಕೆಸರಲ್ಲಿ ಮಾತ್ರ ಫೋರ್ ವೀಲ್ ಹಾಕಿದರಾಯಿತು" ಅಂತ ಮುಂದುವರಿಸಿದೆ.

ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು. ಲಿವರ್ ತೆಗೆದರೂ ಮುಂದಿನ ಚಕ್ರ ನೆಲದ ಮೇಲೆ ಉರುಳುತ್ತಲೇ ಇರುತ್ತದೆ, ಅದರ ಜೊತೆ ಒಳಗಿನ ಗೇರುಗಳೂ ತಿರುಗುತ್ತವೆ. ಭಾರ ಇಲ್ಲದ್ದಕ್ಕೆ ಶಬ್ದ ಕೇಳಿಸುವುದಿಲ್ಲ, ಅಷ್ಟೇ. ಆಯಿಲ್ ಇಲ್ಲದೆ ಹಲ್ಲಿಗೆ ಹಲ್ಲು ಉಜ್ಜುವುದು ನಿಲ್ಲುವುದಿಲ್ಲ. ಹಾಗೆ ಇನ್ನೂ ಎರಡು ವಾರ ಓಡಿಸಿದೆ.

ಆಮೇಲೆ ಒಂದು ಸಂಜೆ, ಬಿತ್ತನೆಗೆ ಹೊಲ ಹದ ಮಾಡುತ್ತಿದ್ದಾಗ, ಸ್ವಲ್ಪ ಹಸಿ ಜಾಗದಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದೆ. ಒಮ್ಮೆಗೇ ಕಟಕಟ ಅಂತ ಕಬ್ಬಿಣ ಕಡಿದ ಸದ್ದು. ಸ್ಟೇರಿಂಗ್ ಕೈಯಲ್ಲಿ ಅದುರಿತು. ಗಾಡಿ ಹಿಂದಿನ ಚಕ್ರದ ಮೇಲೆ ಹೇಗೋ ಬದುವಿನ ತನಕ ಬಂತು. ಅಲ್ಲೇ ನಿಲ್ಲಿಸಿದೆ.

ಮಾರನೇ ದಿನ ಮೆಕ್ಯಾನಿಕ್ ಬಂದರು. ಪಾನಾ ಹಿಡಿಯುವ ಮೊದಲು ಅವರು ಚಕ್ರದ ಹಿಂಭಾಗಕ್ಕೆ ಕೈ ಹಾಕಿ ಸವರಿದರು. ಎಣ್ಣೆ ಕುಡಿದು ಗಟ್ಟಿಯಾದ ಧೂಳು ಕರಿ ಹೊಪ್ಪಳೆಯ ಹಾಗೆ ಎದ್ದು ಬಂತು. "ಅಣ್ಣಾ, ಇದಕ್ಕೆ ಆಯಿಲ್ ಹಾಕಿ ಎಷ್ಟು ದಿನ ಆಯ್ತು?" ಅಂತ ಕೇಳಿದರು. ಯಾವುದಕ್ಕೆ ಅಂತ ನಾನು ತಿರುಗಿ ಕೇಳಿದೆ. ಅವರು ಮಾತಾಡದೆ ಕೆಳಗೆ ಒಂದು ತಟ್ಟೆ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದರು. ಧಾರೆಯಾಗಿ ಬರಬೇಕಾದ ಕಡೆ ಒಂದು ಚಮಚದಷ್ಟು ಬೂದು ಬಣ್ಣದ ಅಂಟು ಜಾರಿ ಬಿತ್ತು. ಬಿಸಿಲಿಗೆ ಹಿಡಿದರೆ ಅದರೊಳಗೆ ಬೆಳ್ಳಿ ಪುಡಿ ಮಿನುಗುತ್ತಿತ್ತು. ಅದು ನನ್ನ ಗಾಡಿಯ ಗೇರಿನ ಹಲ್ಲು. ನೋಡಿ ಹೊಟ್ಟೆ ಉರಿಯಿತು.

ಚಕ್ರ ಬಿಚ್ಚಿದ ಮೇಲೆ ಕಾರಣ ಸಿಕ್ಕಿತು. ಚಕ್ರದ ಹಿಂದೆ, ಶಾಫ್ಟ್ ಹೊರಗೆ ಬರುವ ಜಾಗದಲ್ಲಿ, ಹಸಿರು ಪ್ಲಾಸ್ಟಿಕ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಹೊಲದಲ್ಲಿ ಬಿದ್ದಿರುವಂಥ ಮಾಮೂಲಿ ದಾರ. ಸುತ್ತಿ ಸುತ್ತಿ ಬಿಸಿಗೆ ಕರಗಿ ಉಂಗುರದ ಹಾಗೆ ಗಟ್ಟಿಯಾಗಿತ್ತು. ಆಯಿಲ್ ಸೀಲ್ ಅಂದರೆ ಒಂದು ತೆಳು ರಬ್ಬರ್ ಅಂಚು, ಅದು ಶಾಫ್ಟಿಗೆ ಒತ್ತಿಕೊಂಡು ಆಯಿಲನ್ನು ಒಳಗೆ ತಡೆಯುತ್ತದೆ. ದಾರ ಆ ಅಂಚಿನ ಅಡಿಗೆ ನುಸುಳಿ ಅದನ್ನು ಕೊಯ್ದುಹಾಕಿತ್ತು. ಅಲ್ಲಿಂದ ದಿನಕ್ಕೆ ನಾಲ್ಕು ಹನಿ ಸೋರಿದರೂ ನಮಗೆ ಕಾಣುವುದಿಲ್ಲ, ಧೂಳು ಹೀರಿಕೊಂಡುಬಿಡುತ್ತದೆ. ನೆಲದ ಮೇಲೆ ಕಲೆ ಬೀಳುವುದಿಲ್ಲ. ಕೆಸರಿಗೆ ಇಳಿಸಿದರೆ ಅದೇ ದಾರಿಯಲ್ಲಿ ನೀರು ಒಳಗೆ ಹೋಗುತ್ತದೆ.

ಒಳಗೆ ಒಂದು ಗೇರಿನ 4 ಹಲ್ಲು ಮುರಿದಿದ್ದವು. ಬೇರಿಂಗ್ ಚೂರಾಗಿ ಗುಂಡುಗಳು ಚೆಲ್ಲಿದ್ದವು. ಜೋಡಿ ಗೇರು, ಬೇರಿಂಗ್, ಎರಡೂ ಕಡೆ ಸೀಲ್ ಬದಲಿಸಬೇಕಾಯಿತು. ಸಾಮಾನು ಬರಲು ಮೂರು ವಾರ. ಅಷ್ಟರಲ್ಲಿ ಹದ ತಪ್ಪಿತು, ಬಿತ್ತನೆ ತಡವಾಯಿತು. ದುಡ್ಡಿಗಿಂತ ಅದೇ ಜಾಸ್ತಿ ನೋವು ಕೊಟ್ಟಿತು.

ಇನ್ನೊಂದು ವಿಷಯ ಮೆಕ್ಯಾನಿಕ್ ತೋರಿಸಿದರು. ಮುಂದಿನ ಟೈರುಗಳು ಹೊಸವು, ಆದರೆ ಈ ಗಾಡಿಯ ಅಳತೆಯವಲ್ಲ. ಫೋರ್ ವೀಲ್ ಗಾಡಿಯಲ್ಲಿ ಹಿಂದಿನ ಟೈರಿಗೂ ಮುಂದಿನ ಟೈರಿಗೂ ಒಂದು ಲೆಕ್ಕ ಇರುತ್ತದೆ. ಮುಂದಿನವು ಹಿಂದಿನದಕ್ಕಿಂತ ತುಸು ಬೇಗ ಎಳೆಯುವ ಹಾಗೆ ಗೇರು ಕೂರಿಸಿರುತ್ತಾರೆ. ಅಳತೆ ಬದಲಾದರೆ ಮುಂದಿನದೂ ಹಿಂದಿನದೂ ಒಂದಕ್ಕೊಂದು ಜಗ್ಗಾಡುತ್ತವೆ, ಆ ಏಟು ಪೂರ್ತಿ ಗೇರಿಗೆ ಬೀಳುತ್ತದೆ. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೂ ಅಷ್ಟೇ, ಅಲ್ಲಿ ಟೈರು ಜಾರಿ ಆ ಬಿಗಿ ಸಡಿಲವಾಗಲು ಜಾಗವೇ ಇಲ್ಲ. ಕೊಂಡ ದಿನ ನಾನು ಡಾಂಬರು ರಸ್ತೆ ಮೇಲೆ ಮನೆವರೆಗೂ ಲಿವರ್ ಹಾಕಿಕೊಂಡೇ ಬಂದಿದ್ದೆ. ಯಾರೂ ಹೀಗೆ ಮಾಡಬೇಡಿ.

ನೀವು ಮುಂದಿನ ಆಕ್ಸಲಿನ ಆಯಿಲ್ ನೋಡುವಾಗ ಹೀಗೆ ನೋಡಿ. ಗಾಡಿ ಸಮತಟ್ಟು ಜಾಗದಲ್ಲಿ ಇರಲಿ. ಬೋಲ್ಟಿನ ಸುತ್ತ ಮಣ್ಣು ಚೆನ್ನಾಗಿ ಒರೆಸಿ. ಮೊದಲು ಆಯಿಲ್ ತುಂಬುವ ಮೇಲಿನ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬರದೇ ಇದ್ದರೆ, ಖಾಲಿ ಮಾಡಿದ ಆಕ್ಸಲಿಗೆ ಹೊಸ ಆಯಿಲ್ ಹಾಕಲು ದಾರಿಯೇ ಇರುವುದಿಲ್ಲ. ಬಂದ ಆಯಿಲನ್ನು ಬೆರಳಿನಲ್ಲಿ ಉಜ್ಜಿ ನೋಡಿ. ನುಣ್ಣಗಿನ ಬೂದು ಅಂಟು ಸ್ವಲ್ಪ ಇದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚೂರು ಚುಚ್ಚಿದರೆ ಮೆಕ್ಯಾನಿಕ್ಕನ್ನು ಕರೆಯಿರಿ. ಆಕ್ಸಲಿನ ಮೇಲೆ ಗಾಳಿ ಬಿಡುವ ಸಣ್ಣ ತೂತು ಇರುತ್ತದೆ, ಅದು ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ಒತ್ತಡ ಏರಿ ಒಳ್ಳೆ ಸೀಲಿನಿಂದಲೂ ಆಯಿಲ್ ಹೊರಗೆ ಬರುತ್ತದೆ. ಕೆಲವು ಗಾಡಿಗಳಿಗೆ 80ಡಬ್ಲ್ಯೂ-90 ಗೇರ್ ಆಯಿಲ್, ಕೆಲವಕ್ಕೆ ಗೇರ್ ಬಾಕ್ಸಿನ ಆಯಿಲ್ಲೇ. ನಿಮ್ಮ ಮಾಡೆಲಿನ ಪುಸ್ತಕ ಹುಡುಕಿ ತರಿಸಿಕೊಳ್ಳಿ, ಅಂದಾಜಿನ ಮೇಲೆ ಹಾಕಬೇಡಿ.

ಈ ಏಟು ತಿಂದ ಮೇಲೆ ನಾನು ಉಳಿದದ್ದನ್ನೂ ಒಂದೊಂದಾಗಿ ಬಿಚ್ಚಿಸಿದೆ. ಗೇರ್ ಬಾಕ್ಸಿನ ಬೋಲ್ಟ್ ತೆಗೆದಾಗ ಮೊದಲು ನೀರು ಬಂತು, ಆಮೇಲೆ ತೆಳು ಸುಣ್ಣದಂಥ ಬಿಳಿ ಆಯಿಲ್. ಗೇರ್ ಲಿವರಿನ ಬುಡದ ರಬ್ಬರ್ ಟೋಪಿ ಹರಿದಿತ್ತು, ಮಳೆ ನೀರು, ತೊಳೆದ ನೀರು ಎಲ್ಲ ಅಲ್ಲಿಂದಲೇ ಇಳಿದಿತ್ತು. ಈ ಸಣ್ಣ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಗೇರಿಗೂ, ಹಿಂದಿನ ಸಲಕರಣೆ ಎತ್ತುವ ಲಿಫ್ಟಿಗೂ ಒಂದೇ ಆಯಿಲ್. ಬೆಳಗ್ಗೆ ಲಿಫ್ಟ್ ಕೊಯ್ಯೋ ಅಂತ ಕೂಗುತ್ತಾ ನಡುಗುತ್ತಾ ಏಳುತ್ತಿದ್ದದ್ದು ಇದಕ್ಕೇ ಅಂತ ಆಗ ಗೊತ್ತಾಯಿತು. ಆಯಿಲ್ ಸೋಸುವ ಜಾಲರಿ ತೊಳೆದು, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿಸಿದೆ. ಮೂಲೆಗಳಲ್ಲಿ ನೀರು ಉಳಿದಿರುತ್ತದೆ, ಹಾಗಾಗಿ ಕೆಲವು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಬದಲಿಸಬೇಕಾಯಿತು. ಎಂಜಿನ್ ಆಯಿಲ್ ಉಳಿದಿದೆ ಅಂತ ಇಲ್ಲಿಗೆ ಸುರಿಯಬೇಡಿ. ಬ್ರೇಕ್ ಕೂಡ ಇದೇ ಆಯಿಲಿನಲ್ಲಿ ಮುಳುಗಿರುವ ಗಾಡಿಗಳಿವೆ.

ಏರ್ ಫಿಲ್ಟರ್ ಹೊಸದೇ ಇತ್ತು. ಆದರೆ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಬಗ್ಗಿಸಿ ನೋಡದಿದ್ದರೆ ಕಾಣುತ್ತಲೇ ಇರಲಿಲ್ಲ. ಒಳಗೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿದೆ, ಕೆಂಪು ಧೂಳು ಬಂತು. ಆ ಧೂಳು ಮರಳು ಕಾಗದದ ಹಾಗೆ ಸಿಲಿಂಡರನ್ನು, ರಿಂಗನ್ನು ಉಜ್ಜಿ ಸವೆಸುತ್ತದೆ. ಎಂಜಿನ್ ಬೇಗ ಸಾಯುವುದು ಹೀಗೇ. ಪೈಪು ಸಣ್ಣ ವಸ್ತು, ಇವತ್ತೇ ಬದಲಿಸಿ. ಎರಡು ಪದರದ ಫಿಲ್ಟರ್ ಇದ್ದರೆ ಒಳಗಿನದಕ್ಕೆ ಗಾಳಿ ಹೊಡೆಯುವುದು, ತೊಳೆಯುವುದು ಬೇಡ. ಅದನ್ನು ಬದಲಿಸುವುದೇ ಸರಿ.

ರೇಡಿಯೇಟರಿನ ಮುಂದಿನ ಜಾಲರಿ ಕ್ಲೀನ್ ಇತ್ತು, ಅದರ ಹಿಂದೆ ಹೊಟ್ಟು ಹಾಸಿಗೆಯ ಹಾಗೆ ತುಂಬಿತ್ತು. ಒಳಗಿನ ನೀರು ತುಕ್ಕು ಬಣ್ಣ. ಸಾದಾ ನೀರಿನ ಬದಲು ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ. ಡೀಸೆಲ್ ಫಿಲ್ಟರಿನ ಬಟ್ಟಲಿನ ತಳದಲ್ಲಿ ನೀರು ನಿಂತಿದ್ದರೆ ತೆಗೆದು, ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಿರಿ. ಡೀಸೆಲ್ ಪಂಪಿಗೂ ನಾಜಲಿಗೂ ನೀರು ವಿಷ.

ಹೊಸ ಪೇಂಟಿನ ಬಗ್ಗೆ ಒಂದು ಮಾತು. ಗ್ರೀಸ್ ನಿಪ್ಪಲ್ಲುಗಳನ್ನು, ಅಂದರೆ ಗ್ರೀಸ್ ತುಂಬುವ ಸಣ್ಣ ಬಾಯಿಗಳನ್ನು ಎಣಿಸಿಕೊಂಡು ಹೋದಾಗ ಮುಂದಿನ ಆಕ್ಸಲಿನ ನಡು ಪಿನ್ನಿನ ನಿಪ್ಪಲ್ ಸಿಗಲೇ ಇಲ್ಲ. ಕೊನೆಗೆ ಉಗುರಿನಲ್ಲಿ ಕೆರೆದರೆ ಪೇಂಟಿನ ಕೆಳಗೆ ಇತ್ತು. ಬಾಯಿಗೇ ಪೇಂಟ್ ಮೆತ್ತಿದೆ ಅಂದರೆ ಪೇಂಟ್ ಹೊಡೆದ ಮೇಲೆ ಅಲ್ಲಿಗೆ ಗ್ರೀಸ್ ಗನ್ ಹೋಗಿಲ್ಲ ಅಂತಲೇ ಅರ್ಥ ಅಲ್ವಾ? "ಈಗಷ್ಟೇ ಸರ್ವಿಸ್" ಅನ್ನುವ ಮಾತನ್ನು ಅಲ್ಲೇ ಪರೀಕ್ಷೆ ಮಾಡಬಹುದಿತ್ತು. ಕೊಳ್ಳಲು ಹೋದಾಗ ಮೊದಲು ನಿಪ್ಪಲ್ ನೋಡಿ.

ಇದನ್ನು ಮಾತ್ರ ಯಾರೂ ಹಗುರವಾಗಿ ತಗೋಬೇಡಿ. ಗೇರಿನಲ್ಲಿ ಇದ್ದಾಗ ಸ್ಟಾರ್ಟ್ ಆಗದ ಹಾಗೆ ತಡೆಯುವ ಸ್ವಿಚ್ಚಿನ ಎರಡು ವೈರುಗಳನ್ನು ನನ್ನ ಗಾಡಿಯಲ್ಲಿ ಸುಮ್ನೆ ಒಂದಕ್ಕೊಂದು ತಿರುಚಿ ಟೇಪ್ ಸುತ್ತಿದ್ದರು, ಅಂದರೆ ಸ್ವಿಚ್ ತಡೆಯುತ್ತಲೇ ಇರಲಿಲ್ಲ. ಒಂದು ದಿನ ಪಕ್ಕದಲ್ಲಿ ನಿಂತು ಕೀ ತಿರುಗಿಸಿದ್ದರೆ ಗಾಡಿ ನನ್ನ ಮೇಲೆಯೇ ಹತ್ತುತ್ತಿತ್ತು. ಅದನ್ನು ಸರಿಮಾಡಿಸುವ ತನಕ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ರೋಟವೇಟರಿಗೆ ಎಂಜಿನ್ ಬಲ ಕೊಡುವ ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಅದನ್ನೂ ಮೊದಲು ಹಾಕಿಸಿ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ 9. ಪಂಚೆಯ ಅಂಚು ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಕೆಳಗೆ ಕೆಲಸ ಮಾಡುವಾಗ ರೋಟವೇಟರ್ ನೆಲಕ್ಕೆ ಇಳಿದಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ, ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ.

ಈಗ ಏನೇ ಬದಲಿಸಿದರೂ ಅವತ್ತಿನ ಮೀಟರ್ ರೀಡಿಂಗನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತೇನೆ. ಕೆಲಸ ಮುಗಿಸಿ ಗಾಡಿ ನಿಲ್ಲಿಸಿದಾಗ ನಾಲ್ಕೂ ಚಕ್ರದ ಹಿಂದೆ ಕೈಯಾಡಿಸುತ್ತೇನೆ. ಹೊಸ ಗೇರು ಹಾಕಿಸಿ ಮೊನ್ನೆಗೆ 50 ಗಂಟೆ ಆಯಿತು. ಎಡಗಡೆ ಬೋಲ್ಟ್ ಬಿಚ್ಚಿ ನೋಡಿದೆ, ಆಯಿಲ್ ತಿಳಿಯಾಗಿತ್ತು. ಬಲಗಡೆ ಚಕ್ರದ ಹಿಂದೆ ಮತ್ತೆ ಅದೇ ಹಸಿರು ದಾರ, ಎರಡು ಸುತ್ತು. ಸೀಲಿಗೆ ಇನ್ನೂ ತಾಗಿರಲಿಲ್ಲ. ಬ್ಲೇಡಿನಲ್ಲಿ ಕೊಯ್ದು ತೆಗೆದೆ.