ಸಿಸ್ಟಮ್‌ಡಿ-ಅನಲೈಜ್: ಟೂಲ್ ಒಳ್ಳೆಯದು, ಬ್ಲೇಮ್ ಮಾತ್ರ ನಂಬಬೇಡಿ

ಲಿನಕ್ಸ್ ಬೂಟ್ ಆಗೋಕೆ ತುಂಬಾ ಹೊತ್ತು ಹಿಡಿಯುತ್ತಿದೆ ಅಂತ ಯಾರನ್ನೇ ಕೇಳಿ, ಬರುವ ಉತ್ತರ ಒಂದೇ: 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಓಡಿಸಿ ನೋಡು. ಸಿಸ್ಟಮ್‌ಡಿ ಅಂದರೆ ಬೂಟ್ ಆಗುವಾಗ ಸರ್ವಿಸ್‌ಗಳನ್ನೆಲ್ಲ ಶುರು ಮಾಡುವ ಪ್ರೋಗ್ರಾಂ; ಅದಕ್ಕೆ ಹಿಡಿದ ಹೊತ್ತಿನ ಲೆಕ್ಕ ಕೊಡುವುದು ಈ ಟೂಲ್, ಯಾವ ಸರ್ವಿಸ್‌ಗೆ ಎಷ್ಟು ಹೊತ್ತಾಯಿತು ಅನ್ನುವ ಪಟ್ಟಿ 'ಬ್ಲೇಮ್'. ಉಬುಂಟು, ಫೆಡೋರಾ, ಡೆಬಿಯನ್, ಆರ್ಚ್ ಹೀಗೆ ಹೆಸರಾದ ಡಿಸ್ಟ್ರೋ (ಲಿನಕ್ಸ್‌ನ ಬೇರೆ ಬೇರೆ ರೂಪ) ಎಲ್ಲದರಲ್ಲೂ ಈ ಟೂಲ್ ಮೊದಲೇ ಇರುತ್ತದೆ. ಬಳಸೋದೂ ಸುಲಭ. ಆದರೆ ಅದರಲ್ಲಿ ಜಾಸ್ತಿ ಹೆಸರು ಮಾಡಿರುವ ಬ್ಲೇಮ್ ಇದೆಯಲ್ಲ, ದಾರಿ ತಪ್ಪಿಸೋದೂ ಅದೇ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಡಿಸ್ಟ್ರೋ ಹಾಕಿದ ಮೇಲೆ ಹಳೆಯದು ಬೂಟ್ ಆಗೋಕೆ ಒದ್ದಾಡತೊಡಗಿತು. ಬ್ಲೇಮ್ ಪಟ್ಟಿಯ ಮೇಲ್ತುದಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್, ಪ್ಲಿಮತ್-ಕ್ವಿಟ್-ವೇಟ್ ಅಂತೆಲ್ಲಾ ಬಂತು. ಪ್ಲಿಮತ್ ಪಾಪ, ಬೂಟ್ ಪರದೆ ಮುಗಿಯಲಿ ಅಂತ ಕಾಯುತ್ತಾ ಕೂರುವುದೇ ಅದರ ಕೆಲಸ! ಎಲ್ಲ ಕೂಡಿಸಿದರೂ ಲೆಕ್ಕ ಹೊಂದಲಿಲ್ಲ. ನಿಜವಾದ ಕಾರಣ ಬೇರೆಯೇ ಇತ್ತು: ಹೊಸ ಡಿಸ್ಟ್ರೋದ ಇನ್‌ಸ್ಟಾಲರ್ ಸ್ವಾಪ್ ಪಾರ್ಟಿಶನ್ (ರಾಮ್ ಸಾಲದಾಗ ಬಳಸುವ ಡಿಸ್ಕ್ ಭಾಗ) ಮತ್ತೆ ಫಾರ್ಮ್ಯಾಟ್ ಮಾಡಿತ್ತು, ಅದರ ಯುಯುಐಡಿ (ಗುರುತಿನ ಸಂಖ್ಯೆ) ಬದಲಾಗಿತ್ತು, ಹಳೆಯ ಡಿಸ್ಟ್ರೋದ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಭಾಗ ಜೋಡಿಸಬೇಕು ಅಂತ ಬರೆದಿಡುವ ಫೈಲ್) ಮಾತ್ರ ಹಳೇ ಯುಯುಐಡಿಯೇ ಉಳಿದಿತ್ತು. ಇಲ್ಲದ ಆ ಡಿವೈಸ್‌ಗಾಗಿ ಸಿಸ್ಟಮ್‌ಡಿ ಪ್ರತಿ ಬೂಟ್‌ನಲ್ಲೂ 90 ಸೆಕೆಂಡ್ ಕಾಯುತ್ತಿತ್ತು. ಅದರ ಡೀಫಾಲ್ಟೇ ಅಷ್ಟು.

ಇದು ಬ್ಲೇಮ್‌ನಲ್ಲಿ ಯಾಕೆ ಕಾಣಲಿಲ್ಲ? ಅದು ಹಾಜರಿ ಪುಸ್ತಕದ ಹಾಗೆ. ಬಂದವರು ಎಷ್ಟು ತಡವಾಗಿ ಬಂದರು ಅಂತ ಹೇಳುತ್ತದೆ, ಬಾರದೇ ಹೋದವರ ಹೆಸರೇ ಇರುವುದಿಲ್ಲ. ಕೊನೆಗೆ ಈ ಬೂಟ್‌ನ ಲಾಗ್ ತೋರಿಸುವ 'ಜರ್ನಲ್‌ಸಿಟಿಎಲ್ -ಬಿ'ಯಲ್ಲಿ 'ಟೈಮ್ಡ್ ಔಟ್ ವೇಟಿಂಗ್ ಫಾರ್ ಡಿವೈಸ್' ಅನ್ನುವ ಸಾಲು ಸಿಕ್ಕಿತು. ಪಾರ್ಟಿಶನ್‌ಗಳ ಯುಯುಐಡಿ ತೋರಿಸುವ ಬಿಎಲ್‌ಕೆಐಡಿ ಓಡಿಸಿ ಹೊಸ ಯುಯುಐಡಿ ತಗೊಂಡು ಎಫ್‌ಎಸ್‌ಟ್ಯಾಬ್‌ಗೆ ಹಾಕಿದೆ, ಅಷ್ಟೇ. ಡೆಬಿಯನ್, ಉಬುಂಟುನಲ್ಲಿ ಇನಿಟ್‌ರಾಮ್‌ಎಫ್‌ಎಸ್‌ನ (ಬೂಟ್ ಶುರುವಿನಲ್ಲಿ ಬಳಸುವ ಚಿಕ್ಕ ಫೈಲ್ ವ್ಯವಸ್ಥೆ) ರೆಸ್ಯೂಮ್ (ಹೈಬರ್ನೇಟ್‌ನಿಂದ ಎಬ್ಬಿಸುವ) ಸೆಟ್ಟಿಂಗ್‌ನಲ್ಲೂ ಹಳೇ ಯುಯುಐಡಿ ಅಡಗಿರಬಹುದು, ಅದನ್ನೂ ನೋಡಿ. ಯಾವಾಗಲೋ ಒಮ್ಮೆ ಸಿಕ್ಕಿಸುವ ಹೊರಗಿನ ಡಿಸ್ಕ್ ಆದರೆ ಎಫ್‌ಎಸ್‌ಟ್ಯಾಬ್‌ನ ಆ ಸಾಲಿಗೆ 'ನೋಫೇಲ್' (ಡಿಸ್ಕ್ ಇಲ್ಲದಿದ್ದರೂ ಕಾಯದೆ ಮುಂದೆ ಹೋಗು ಅಂತ) ಸೇರಿಸಿಬಿಡಿ.

ಹಾಗಂತ ಟೂಲ್ ಎತ್ತಿ ಬಿಸಾಕಬೇಕಿಲ್ಲ. ಬ್ಲೇಮ್ ಬಿಟ್ಟು ಬರೀ 'ಸಿಸ್ಟಮ್‌ಡಿ-ಅನಲೈಜ್' ಅಂತ ಕೊಟ್ಟರೆ ಫರ್ಮ್‌ವೇರ್ (ಮದರ್‌ಬೋರ್ಡ್‌ನ ಬಯಾಸ್), ಲೋಡರ್ (ಕರ್ನಲ್ ಎತ್ತಿ ಓಡಿಸುವುದು), ಕರ್ನಲ್ (ಲಿನಕ್ಸ್‌ನ ತಿರುಳು), ಯೂಸರ್‌ಸ್ಪೇಸ್ (ಸರ್ವಿಸ್‌ಗಳು) ಒಂದೊಂದಕ್ಕೂ ಎಷ್ಟು ಹೊತ್ತಾಯಿತು ಅಂತ ಒಂದೇ ಸಾಲಿನಲ್ಲಿ ತೋರಿಸುತ್ತದೆ (ಮೊದಲೆರಡು ಯುಇಎಫ್‌ಐ ಅನ್ನುವ ಹೊಸ ಬಗೆಯ ಫರ್ಮ್‌ವೇರ್‌ನಿಂದ ಬೂಟ್ ಆದರೆ ಮಾತ್ರ). ನನ್ನ ಮಟ್ಟಿಗೆ ಇದರ ಅತಿ ಉಪಯೋಗದ ಭಾಗ ಇದೇ. ಫರ್ಮ್‌ವೇರ್ ಸಂಖ್ಯೆ ದೊಡ್ಡದಿದ್ದರೆ ಬಯಾಸ್ ಸೆಟ್ಟಿಂಗ್ ನೋಡಬೇಕು, ಲಿನಕ್ಸ್ ಸರ್ವಿಸ್‌ಗಳನ್ನು ಸುಮ್ನೆ ಆಫ್ ಮಾಡಿ ಏನು ಪ್ರಯೋಜನ? ಯೂಸರ್‌ಸ್ಪೇಸ್ ದೊಡ್ಡದಿದ್ದರೆ 'ಕ್ರಿಟಿಕಲ್-ಚೈನ್' ಓಡಿಸಿ, ಯಾವುದು ಯಾವುದಕ್ಕಾಗಿ ಕಾದಿತ್ತು ಅನ್ನೋದು ಅಲ್ಲಿ ಗೊತ್ತಾಗುತ್ತದೆ. 'ಪ್ಲಾಟ್' ಅಂತಲೂ ಒಂದಿದೆ. ಚಿತ್ರ ಚೆಂದ, ಓದೋಕೆ ತಾಳ್ಮೆ ಬೇಕು.

ಕರ್ನಲ್ ಸಂಖ್ಯೆ ದೊಡ್ಡದಿದ್ದರೆ ಮಾತ್ರ ಈ ಟೂಲ್ ಕೈ ಚೆಲ್ಲುತ್ತದೆ, ಒಳಗೆ ಏನಾಯಿತು ಅಂತ ಹೇಳುವುದಿಲ್ಲ. ಆಗ ಡಿಮೆಸ್ಗ್ (ಕರ್ನಲ್‌ನ ಲಾಗ್) ತೆರೆದು ಡಿಸ್ಕ್‌ನ ಐ/ಒ ಎರರ್ (ಓದುವ, ಬರೆಯುವ ದೋಷ) ಇವೆಯಾ ಹುಡುಕಿ. ಇದ್ದರೆ ಬೂಟ್ ವೇಗದ ಮಾತು ಆಮೇಲೆ, ಮೊದಲು ಬ್ಯಾಕಪ್ ತಗೊಳ್ಳಿ.